ಕಾಂಕ್ರೀಟು ಕಾರ್ಖಾನೆಗಳಲ್ಲಿ ಕ್ಷೇಮಪುರಸ್ಕಾರದ ವಿಚಾರ

ಟಿ. ದಾಸರಹಳ್ಳಿಯು ಬೆಂಗಳೂರಿನ ವಾಯವ್ಯದಲ್ಲಿ ತುಮಕೂರು ರಸ್ತೆಗೆ ಸೇರಿಕೊಂಡಿರುವ ಊರು. ಮೊದಲು ತನ್ನದೇ ನಗರಸಭೆಯನ್ನು ಹೊಂದಿದ್ದು ೨೦೦೭ರಲ್ಲಿ ಮಹಾನಗರದ ಆಡಳಿತದೊಳಗೆ ಸೇರಿತು. ಮಗ್ಗುಲಲ್ಲಿಯೇ ಪೀಣ್ಯದ ಕೈಗಾರಿಕಾ ಪ್ರದೇಶವಿರುವುದರಿಂದ ಯಂತ್ರದ ಸದ್ದು ಇಲ್ಲಿಯವರಿಗೆ ಕೋಳಿಯ ಕೂಗಿನಷ್ಟೇ ಸಹಜವಾದುದು. ಬಹುವರ್ಷಗಳಿಂದ ಈ ಊರಿನಲ್ಲಿದ್ದುಕೊಂಡು ಪಾಠಪ್ರವಚನಗಳಲ್ಲಿ ಕಾಲ ಕಳೆಯುತ್ತಿರುವ ನನಗೆ ಆ ಗೋಡೆಗಳ ಒಳಗಿನ ವಿಚಾರವು ಈಚಿನವರೆಗೂ ತಿಳಿದಿರಲಿಲ್ಲ. ತಿಳಿಯಬೇಕೆಂಬ ಕುತೂಹಲವೂ ಇರಲಿಲ್ಲವೆಂದು ಒಪ್ಪಿಕೊಳ್ಳುವುದೇ ಸರಿ.

ಹೀಗಿರಲು, ಸಮೀಪದ ಒಂದು ಕಾಂಕ್ರೀಟು ಕಾರ್ಖಾನೆಯ ವ್ಯವಸ್ಥಾಪಕರು ಒಂದು ದಿನ ನಮ್ಮ ಮನೆಗೆ ದಯಮಾಡಿಸಿದರು. ಮಾರ್ಚಿ ೪ನೆಯ ತಾರೀಖು ರಾಷ್ಟ್ರೀಯ ಸುರಕ್ಷತಾದಿನವಷ್ಟೆ. ೧೯೬೬ರಲ್ಲಿ ರಾಷ್ಟ್ರೀಯ ಸುರಕ್ಷತಾ ಮಂಡಲಿಯು ಅದೇ ತಾರೀಖಿನಂದು ಸ್ಥಾಪಿತವಾದುದರ ನೆನಪಿಗಾಗಿ ಆ ಆಚರಣೆ. ಆ ದಿನ ತಮ್ಮ ಕಾರ್ಖಾನೆಯ ಕೆಲಸಗಾರರಿಗೆ ಅರ್ಪಿಸುವುದಕ್ಕಾಗಿ ಕನ್ನಡದಲ್ಲಿ ಒಂದು ಬಿನ್ನವತ್ತಳೆಯನ್ನು ರಚಿಸಿಕೊಡಬೇಕೆಂದು ಕೇಳಿ, ಒಂದು ಚೀಟಿಯನ್ನು ಮುಂದಿಟ್ಟರು. ಅದರಲ್ಲಿದ್ದುದು ಇಷ್ಟೇ: ೩೬೫ ದಿನಗಳು, ಅಪಘಾತ ಸೊನ್ನೆ. “ಶಾಸ್ತ್ರಿಗಳೇ, ಈ ಸೊನ್ನೆಗೆ ಒಂದು ಗಂಭೀರವಾದ ಮಾತು ಬೇಕು” ಎಂದರು. ಎರಡು ದಿನಗಳಲ್ಲಿ ಕೊಡುವೆನೆಂದು ಹೇಳಿದೆನು. ಎರಡು ತಿಂಗಳಾದುವು. ವಿಳಂಬಕ್ಕೆ ಕಾರಣವು ಪದದ ದಾರಿದ್ರ್ಯವಲ್ಲ, ಪದಾರ್ಥದ ಸಂದೇಹ. ಆ ಸಂದೇಹವು ನಮ್ಮ ಶಾಸ್ತ್ರಗಳಿಗೂ ಶಾಸನಗಳಿಗೂ ಸಂಬಂಧಪಟ್ಟುದಾದ್ದರಿಂದ ಈ ಪತ್ರಿಕೆಯ ವಾಚಕ ಮಹಾಶಯರ ಮುಂದೆ ಇಡಲು ಧೈರ್ಯಮಾಡಿದ್ದೇನೆ.

ಮೊದಲು ಕಾರ್ಖಾನೆಯ ಸ್ವರೂಪವನ್ನು ಹೇಳಬೇಕು. ಕಾಂಕ್ರೀಟನ್ನು ಕಟ್ಟಡದ ಬಳಿಯಲ್ಲಿ ಕಲಸದೆ ಒಂದೆಡೆ ಸಿದ್ಧಪಡಿಸಿ ಬಂಡಿಯಲ್ಲಿ ಒಯ್ಯುವ ಪದ್ಧತಿಗೆ ೧೯೦೩ರಲ್ಲಿ ಜರ್ಮನಿಯ ಮಾಗೆನ್ಸ್ ಎಂಬವನು ಹಕ್ಕುಪತ್ರವನ್ನು ಪಡೆದನು. ನಮ್ಮ ದೇಶದಲ್ಲಿ ಅದು ಬಳಕೆಗೆ ಬಂದುದು ೧೯೯೦ರ ದಶಕದಲ್ಲಿ. ಜಲ್ಲಿ, ಕಲ್ಲನ್ನರೆದು ಮಾಡಿದ ಎಂ-ಸ್ಯಾಂಡು, ಸಿಮೆಂಟು, ನೀರು ಇವುಗಳನ್ನು ತೂಗಿ ಒಂದು ದೊಡ್ಡ ಮಿಕ್ಸರಿನಲ್ಲಿ ಕಲಸಿ, ತಿರುಗುವ ಪೀಪಾಯಿಯುಳ್ಳ ಲಾರಿಗೆ ಸುರಿಯುವರು. ಸಿಮೆಂಟು ಇರುವುದು ಸೈಲೋ ಎಂಬ ಎತ್ತರವಾದ ಉಕ್ಕಿನ ಕಣಜದಲ್ಲಿ. ಜಲ್ಲಿಯು ಪಟ್ಟಿಯ ಮೇಲೆ ಹರಿದು ಬರುವುದು. ಲಾರಿಯೊಂದು ಆರು ಘನ ಮೀಟರಿನಷ್ಟನ್ನು ಹೊತ್ತರೆ, ಘನ ಮೀಟರಿಗೆ ಸುಮಾರು ೨,೪೦೦ ಕಿಲೋಗ್ರಾಮಿನಂತೆ, ಅದರ ಹೊರೆಯೇ ಹದಿನಾಲ್ಕು ಟನ್ನುಗಳನ್ನು ಮೀರುವುದು. ಈ ಹೊರೆಯನ್ನು ತುಂಬಿದ ಎರಡು ಗಂಟೆಗಳೊಳಗೆ ತಲಪಿಸಬೇಕೆಂದು ೨೦೦೩ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕವು ವಿಧಿಸಿತು. ಎರಡು ಗಂಟೆಗಳಲ್ಲಿ ಗೊರಗುಂಟೆಪಾಳ್ಯದ ಕೂಡುರಸ್ತೆಯನ್ನು ದಾಟಿ ಹೋಗಬೇಕಾದ ಚಾಲಕನ ಅವಸರವನ್ನು ನಗರವಾಸಿಗಳಿಗೆ ವರ್ಣಿಸಬೇಕಾದುದಿಲ್ಲ.

ಇಲ್ಲಿಯ ಅಪಾಯಗಳು ಬಹುವಿಧವಾದುವು. ಮಿಕ್ಸರಿನ ಒಳಮೈಗೆ ಅಂಟಿ ಗಟ್ಟಿಯಾದ ಕಾಂಕ್ರೀಟನ್ನು ಕೆತ್ತಿ ತೆಗೆಯಲು ಒಬ್ಬನು ಅದರೊಳಗೆ ಇಳಿಯಬೇಕಾಗುವುದು. ಅವನು ಒಳಗಿರುವುದನ್ನು ತಿಳಿಯದೆ ಮತ್ತೊಬ್ಬನು ಗುಂಡಿಯನ್ನು ಒತ್ತಿದರೆ ಮುಂದಿನದನ್ನು ಹೇಳಲಾಗದು. ಇದಕ್ಕೆ ಪರಿಹಾರವು ಅತ್ಯಲ್ಪವಾದುದು. ಒಳಗಿಳಿಯುವವನು ವಿದ್ಯುತ್ತಿನ ಸ್ವಿಚ್ಚಿಗೆ ತನ್ನದೇ ಬೀಗವನ್ನು ಹಾಕಿ, ಬೀಗದ ಕೈಯನ್ನು ತನ್ನ ಜೇಬಿನಲ್ಲಿಯೇ ಇಟ್ಟುಕೊಂಡು ಇಳಿಯುವುದು. ಪಟ್ಟಿ ಉರುಳುವ ಗಾಲಿಗಳ ಸಂದಿನಲ್ಲಿ ಕೈ ಸಿಕ್ಕುವುದು, ಹಿಂದಕ್ಕೆ ಬರುವ ಲಾರಿಯ ಹಿಂದೆ ನಿಲ್ಲುವುದು, ಲಾರಿಯ ಹಿಂಬದಿಯಲ್ಲಿ ಕಾಂಕ್ರೀಟು ಜಾರಿಬರುವ ಮಡಿಸುವ ತೊಟ್ಟಿಯ ಕೀಲಿನಲ್ಲಿ ಬೆರಳು ನಜ್ಜುವುದು, ಇವೂ ಇರುವುವು. ಹಸಿಯ ಸಿಮೆಂಟು ತೀಕ್ಷ್ಣವಾದ ಕ್ಷಾರ. ಚರ್ಮವನ್ನು ಸುಡುವಾಗ ಮೊದಮೊದಲು ನೋವನ್ನೇ ಕೊಡದು. ಕಲ್ಲಿನ ಧೂಳಿನಲ್ಲಿ ಶ್ವಾಸಕೋಶವನ್ನು ಕೆಡಿಸುವ ಕಣಗಳೋ ಕಣ್ಣಿಗೆ ಕಾಣುವಂಥವೇ ಅಲ್ಲ.

ಇನ್ನು ಪದದ ವಿಚಾರ. ಸುರಕ್ಷತೆ ಎಂಬ ಈಗಿನ ಮಾತಿಗಿಂತ ಕುಶಲ ಎಂಬ ಹಳೆಯ ಮಾತು ನನಗೆ ಮೊದಲು ಹೊಳೆಯಿತು. ಅಮರಸಿಂಹನು ನಾನಾರ್ಥವರ್ಗದಲ್ಲಿ ಈ ಶಬ್ದಕ್ಕೆ ಕ್ಷೇಮವೆಂಬ ಅರ್ಥವನ್ನೂ ಶಿಕ್ಷಿತ, ಎಂದರೆ ಕಲಿತು ನುರಿತವನು, ಎಂಬ ಅರ್ಥವನ್ನೂ ಒಟ್ಟಿಗೆ ಹೇಳಿರುವನು. ಅಲಂಕಾರಶಾಸ್ತ್ರವನ್ನು ಪಾಠಹೇಳುವವರಿಗೆ ಇದರ ವ್ಯುತ್ಪತ್ತಿಯು ಚಿರಪರಿಚಿತ. ದರ್ಭೆಯನ್ನು ಕೊಯ್ದು ತರುವವನು ಕುಶಲ. ದರ್ಭೆಯ ಅಲಗು ಹರಿತವಾದುದರಿಂದ ಕೈ ಕೊಯ್ದುಕೊಳ್ಳದೆ ತರುವುದಕ್ಕೆ ವಿವೇಕ ಬೇಕು. ಅದರಿಂದ ದಕ್ಷನೆಂಬ ಅರ್ಥ ಬಂದಿತು. ಮಮ್ಮಟನು ಇದನ್ನು ರೂಢಿಲಕ್ಷಣೆಗೆ ಉದಾಹರಣೆಯಾಗಿ ಕೊಟ್ಟನು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು, ವ್ಯುತ್ಪತ್ತಿಗೆ ನಿಮಿತ್ತ ಬೇರೆ, ಪ್ರಯೋಗಕ್ಕೆ ನಿಮಿತ್ತ ಬೇರೆ, ದಕ್ಷನೆಂಬುದೇ ಮುಖ್ಯಾರ್ಥವೆಂದು ಅದನ್ನು ನಿರಾಕರಿಸಿದನು. ಆ ವಿವಾದದಲ್ಲಿ ವಿಶ್ವನಾಥನ ಪಕ್ಷವೇ ಬಲವಾದುದೆಂದು ನನ್ನ ಮತ. ಆದರೆ ಪ್ರಕೃತಕ್ಕೆ ಮಮ್ಮಟನ ದರ್ಭೆಯೇ ಉಪಯುಕ್ತ. ಕೆಲಸವನ್ನು ಚೆನ್ನಾಗಿ ಮಾಡುವುದೂ ಮೈಗೆ ಗಾಯವಾಗದಂತೆ ಮಾಡುವುದೂ ಎರಡು ಬೇರೆ ಬೇರೆ ಗುಣಗಳಲ್ಲವೆಂಬ ತಿಳಿವಳಿಕೆಯು ಆ ಒಂದು ಶಬ್ದದಲ್ಲಿ ಅಡಗಿರುವುದು. ಇಂದಿಗೂ ಎದುರಾದವರನ್ನು ಕುಶಲವೇ ಎಂದು ಕೇಳುತ್ತೇವೆ. ಕೈಗಾರಿಕೆಯನ್ನೂ ಕುಶಲವೆಂದೇ ವಿಶೇಷಿಸುತ್ತೇವೆ.

ಗಾಯವಿಲ್ಲದ ಕೈಯನ್ನು ನೋಡಿ ಇವನು ಕುಶಲನೆಂದು ನಿಶ್ಚಯಿಸಬಹುದೆ? ಬಿನ್ನವತ್ತಳೆಯು ತಡವಾದುದು ಈ ಪ್ರಶ್ನೆಯಿಂದ. ಕೈಗೆ ಗಾಯವಾಗದಿರುವವರು ಮೂವರು. ಒಬ್ಬನು ಎಚ್ಚರದಿಂದ ದರ್ಭೆಯನ್ನು ಕೊಯ್ದವನು. ಇನ್ನೊಬ್ಬನು ದರ್ಭೆ ಕೊಯ್ಯುವುದಕ್ಕೆ ಹೋಗಲೇ ಇಲ್ಲ. ಮೂರನೆಯವನು ಕೊಯ್ದು, ಕೈ ಕೊಯ್ದುಕೊಂಡು, ಉತ್ತರೀಯದಲ್ಲಿ ಮುಚ್ಚಿಕೊಂಡಿರುವನು.

ಸುರಕ್ಷತೆಗೆ ಪುರಸ್ಕಾರ ಕೊಡುವವರು ಎರಡನೆಯವನನ್ನು ಬೇರ್ಪಡಿಸುವ ಉಪಾಯವನ್ನು ಬಹುಕಾಲದಿಂದ ಬಲ್ಲರು. ಅದು ಹೇಗೆಂದರೆ, ವರ್ಷದಲ್ಲಿ ಆದ ಗಾಯಗಳ ಸಂಖ್ಯೆಯನ್ನು ಹತ್ತು ಲಕ್ಷದಿಂದ ಗುಣಿಸಿ, ಎಲ್ಲ ಕೆಲಸಗಾರರೂ ದುಡಿದ ಗಂಟೆಗಳ ಮೊತ್ತದಿಂದ ಭಾಗಿಸುವರು. ಇದಕ್ಕೆ ಆವೃತ್ತಿಮಾನವೆನ್ನಬಹುದು. ಹೆಚ್ಚು ದುಡಿದವರಿಗೂ ಕಡಮೆ ದುಡಿದವರಿಗೂ ಇದರಿಂದ ಒಂದೇ ಅಳತೆಗೋಲು ದೊರೆಯುವುದು. ಗಾಯದ ತೀವ್ರತೆಗೆ ಬೇರೊಂದು ಮಾನವುಂಟು. ಕಳೆದುಹೋದ ಕೆಲಸದ ದಿನಗಳನ್ನು ಎಣಿಸುವುದು ಅದರ ರೀತಿ. ಅದರಲ್ಲಿ ಒಂದು ಮರಣಕ್ಕೆ ೬,೦೦೦ ದಿನಗಳೆಂದು ಲೆಕ್ಕ. ಈ ಸಂಖ್ಯೆಯನ್ನು ಮೊದಲು ಓದಿದಾಗ ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆನು. ಭಾರತ ಸರ್ಕಾರವು ೧೯೬೫ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಸುರಕ್ಷಾ ಪ್ರಶಸ್ತಿಗಳು ಈ ಆವೃತ್ತಿಮಾನವನ್ನೂ ಅಪಘಾತವಿಲ್ಲದ ವರ್ಷವನ್ನೂ ಆಧಾರವಾಗಿಟ್ಟುಕೊಂಡುವು. ಅಮೆರಿಕಾ ದೇಶದಲ್ಲಿ ೧೯೩೦ರಲ್ಲಿ ಸ್ಥಾಪಿತವಾದ ಸಿದ್ಧ ಕಾಂಕ್ರೀಟು ತಯಾರಕರ ಸಂಘವೂ ತನ್ನ ಕಾರ್ಖಾನೆಗಳ ಸುರಕ್ಷತೆಗಾಗಿ ಪುರಸ್ಕಾರಗಳನ್ನು ಕೊಡುತ್ತ ಬಂದಿದೆ.

ಆದರೆ ಚಿಕ್ಕ ಕಾರ್ಖಾನೆಯಲ್ಲಿ ಈ ಗಣಿತವು ನಿಲ್ಲುವುದಿಲ್ಲ. ಮೂವತ್ತು ಮಂದಿ ದಿನಕ್ಕೆ ಎಂಟು ಗಂಟೆಯಂತೆ ಮುನ್ನೂರು ದಿನ ದುಡಿದರೆ ೭೨,೦೦೦ ಗಂಟೆಗಳಾದುವು. ಗಾಯವಾಗದಿದ್ದರೆ ಮಾನ ಸೊನ್ನೆ. ಒಂದು ಆದರೆ ಸುಮಾರು ೧೪. ನಡುವೆ ಮೆಟ್ಟಿಲೇ ಇಲ್ಲ. ಹತ್ತು ಲಕ್ಷ ಗಂಟೆಗಳು ಪೂರ್ತಿಯಾಗಲು ಅಂಥ ಕಾರ್ಖಾನೆಗೆ ಸುಮಾರು ಹದಿನಾಲ್ಕು ವರ್ಷಗಳು ಬೇಕು. ಒಂದು ವರ್ಷದ ಸೊನ್ನೆಯು ಕಾಕತಾಳೀಯವಾಗಿ ಬಂದಿತೋ ಕೌಶಲದಿಂದ ಬಂದಿತೋ ಎಂಬುದನ್ನು ಆ ಸೊನ್ನೆಯೇ ಹೇಳಲಾರದು.

ಮೂರನೆಯವನ ಸಂಗತಿಯು ಇನ್ನೂ ಗಹನವಾದುದು. ಇಲ್ಲದಿರುವುದನ್ನು ತಿಳಿಯುವ ಬಗೆ ಯಾವುದು ಎಂದು ನಮ್ಮ ದರ್ಶನಕಾರರು ಶತಮಾನಗಳ ಕಾಲ ವಾದಿಸಿದರು. ಕುಮಾರಿಲಭಟ್ಟನ ಅನುಯಾಯಿಗಳೂ ವೇದಾಂತಿಗಳೂ ಅನುಪಲಬ್ಧಿಯೆಂಬ ಆರನೆಯ ಪ್ರಮಾಣವನ್ನು ಒಪ್ಪಿದರು. ನೈಯಾಯಿಕರು ಅದನ್ನು ಪ್ರತ್ಯಕ್ಷಕ್ಕೆ ಸಹಕಾರಿಯೆಂದು ಮಾತ್ರ ಒಪ್ಪಿದರು. ಪ್ರಾಭಾಕರರು ಅಭಾವವೆಂಬ ಪದಾರ್ಥವನ್ನೇ ಒಪ್ಪಲಿಲ್ಲ. ಹೀಗೆ ಕಲಹವಿದ್ದರೂ, ಕಾಣದಿರುವುದರಿಂದ ಇಲ್ಲದಿರುವುದನ್ನು ನಿಶ್ಚಯಿಸುವವರೆಲ್ಲರೂ ಒಂದು ನಿಬಂಧನೆಯನ್ನು ಹಾಕಿದರು. ಕಾಣದಿರುವಿಕೆಯು ಯೋಗ್ಯವಾದುದಾಗಿರಬೇಕು. ವಸ್ತುವು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಂಥ ಸನ್ನಿವೇಶವಿದ್ದು, ಆದರೂ ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. ಹಗಲಿನಲ್ಲಿ ಬರಿಯ ನೆಲವನ್ನು ನೋಡಿ ಗಡಿಗೆಯಿಲ್ಲವೆಂದರೆ ಒಪ್ಪತಕ್ಕದ್ದು. ಕತ್ತಲೆಯ ಕೋಣೆಯಲ್ಲಿ ಕೈಕಟ್ಟಿ ನಿಂತು ಗಡಿಗೆಯಿಲ್ಲವೆಂದರೆ ಬಾಲಕನೂ ನಗುವನು.

ಅಪಘಾತದ ವರದಿ ಬಂದಿಲ್ಲ, ಆದಕಾರಣ ಅಪಘಾತವಾಗಿಲ್ಲ ಎಂಬ ಅನುಮಾನಕ್ಕೂ ಇದೇ ನಿಬಂಧನೆ. ಅಪಘಾತವಾಗಿದ್ದರೆ ವರದಿಯಾಗಿಯೇ ತೀರುತ್ತಿತ್ತೆ? ಆ ಕೋಣೆಯಲ್ಲಿ ಬೆಳಕಿದೆಯೆ? ವರದಿ ಮಾಡಿದವನಿಗೆ ನಷ್ಟವೂ ಮಾಡದವನಿಗೆ ಲಾಭವೂ ಇರುವಲ್ಲಿ ಬೆಳಕನ್ನು ನಾವೇ ಆರಿಸಿದಂತಾಯಿತು. ಆಗ ಪುರಸ್ಕಾರವು ತಾನು ಅಳೆಯಬೇಕಾದ ವಸ್ತುವನ್ನೇ ಮರೆಮಾಡುವುದು. ಕಾರ್ಖಾನೆಯು ಕ್ಷೇಮವಾಗಿದ್ದರೂ ವರದಿ ಬಾರದು, ಅಕ್ಷೇಮವಾಗಿದ್ದರೂ ಬಾರದು, ಹೇತುವು ಸವ್ಯಭಿಚಾರ.

ಇದು ಬರಿಯ ತರ್ಕವೆಂದು ನಾನೂ ಎಣಿಸಿದ್ದೆನು. ಬಿನ್ನವತ್ತಳೆಗೆ ಸಾಮಗ್ರಿ ಬೇಕೆಂದು ಆ ಕಾರ್ಖಾನೆಗೆ ಎರಡು ಮೂರು ಬಾರಿ ಹೋದಾಗ, ರಾಯಚೂರು ಸೀಮೆಯಿಂದ ಬಂದ ಒಬ್ಬ ಕೆಲಸಗಾರನ ಬಲಗೈಯ ತೋರುಬೆರಳು ಅರ್ಧಕ್ಕೇ ನಿಂತಿರುವುದನ್ನು ಕಂಡೆನು. ಕೇಳಿದ್ದಕ್ಕೆ ಲಾರಿಯ ತೊಟ್ಟಿಯ ಕೀಲನ್ನು ತೋರಿಸಿದನು. ಯಾವಾಗ ಎಂದೆನು. ಕಳೆದ ದಸರೆಯ ಮುಂದೆ ಎಂದನು. ಚೀಟಿಯಲ್ಲಿದ್ದ ೩೬೫ ದಿನಗಳ ಒಳಗಿನದೇ ಅದು. ಲೆಕ್ಕದ ಪುಸ್ತಕದಲ್ಲಿ ಆ ಹನ್ನೆರಡು ದಿನಗಳು ಊರಿಗೆ ಹೋದ ರಜೆಯೆಂದು ಇರುವುವು. “ಬರಸ್ಲಿಲ್ರೀ ಗುರುಗಳ. ಬರಸಿದ್ರ ಎಲ್ಲಾರ್ದೂ ಕುಕ್ಕರ್ ಹೋಗ್ತಿತ್ರೀ” ಎಂದು ನಕ್ಕನು. ವರ್ಷವಿಡೀ ಅಪಘಾತವಿಲ್ಲದಿದ್ದರೆ ತಲೆಗೊಂದು ಪ್ರೆಷರ್ ಕುಕ್ಕರು ಕೊಡುವುದೆಂದು ಗೊತ್ತುಮಾಡಿದ್ದರಂತೆ. ಮೂವತ್ತು ಮನೆಗಳ ಕುಕ್ಕರುಗಳ ಭಾರವನ್ನು ಆ ಅರ್ಧ ಬೆರಳಿನ ಮೇಲೆ ಹೊರಿಸಿದ ಹಾಗಾಯಿತು. ಅವನಿಗೆ ಯಾರೂ ಬಾಯಿಬಿಡಬೇಡವೆಂದು ಹೇಳಿರಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ.

ಕಾಯಿದೆಯು ಇಂಥದನ್ನು ಕಾಣದೆ ಇರಲಿಲ್ಲ. ೧೯೪೮ರ ಕಾರ್ಖಾನೆಗಳ ಕಾಯಿದೆಯಲ್ಲಿ, ೪೮ ಗಂಟೆಗಳಾಗಲಿ ಅದಕ್ಕಿಂತ ಹೆಚ್ಚಾಗಲಿ ಕೆಲಸ ಮಾಡಲಾಗದಂತೆ ಒಬ್ಬನಿಗೆ ಪೆಟ್ಟಾದರೆ ಅಧಿಕಾರಿಗಳಿಗೆ ತಿಳಿಸಬೇಕೆಂಬ ವಿಧಿ ಇತ್ತು. ೧೯೭೬ರ ತಿದ್ದುಪಡಿಯಲ್ಲಿ, ಯಾರಿಗೂ ಪೆಟ್ಟಾಗದಿದ್ದರೂ ಅಪಾಯಕರವಾದ ಘಟನೆಗಳನ್ನು ತಿಳಿಸಬೇಕೆಂಬುದನ್ನೂ ಸೇರಿಸಿದರು. ೨೦೨೦ರ ಔದ್ಯೋಗಿಕ ಸುರಕ್ಷತಾ ಸಂಹಿತೆಯು ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದು ಹಳೆಯ ಕಾಯಿದೆಯ ಸ್ಥಾನವನ್ನು ಪಡೆದಾಗಲೂ ಈ ವಿಭಾಗಗಳನ್ನು ಉಳಿಸಿಕೊಂಡಿತು. ಪೆಟ್ಟು, ಪೆಟ್ಟಾಗದ ಅಪಾಯಘಟನೆ, ರೋಗ ಎಂಬ ಮೂರನ್ನೂ ಬೇರೆ ಬೇರೆ ಹೇಳಿರುವುದು ಸೂಕ್ಷ್ಮಬುದ್ಧಿಯ ಲಕ್ಷಣ. ಅಭಾವಕ್ಕೆ ಪ್ರತಿಯೋಗಿ ಯಾವುದೆಂದು ಹೇಳದೆ ಅಭಾವವನ್ನು ಹೇಳಿದಂತಾಗದು ಎಂದು ನೈಯಾಯಿಕರು ಹೇಳುವರಷ್ಟೆ. ಚೀಟಿಯ ಸೊನ್ನೆಯು ಯಾವುದರ ಸೊನ್ನೆ? ಧೂಳಿನಿಂದ ಇಪ್ಪತ್ತು ವರ್ಷಗಳ ಮೇಲೆ ಬರುವ ಉಬ್ಬಸವು ಅದರಲ್ಲಿ ಸೇರಿಲ್ಲ. ಬೀಳಬೇಕಾಗಿದ್ದು ಒಂದು ಗೇಣಿನ ಅಂತರದಲ್ಲಿ ತಪ್ಪಿದ ಕಬ್ಬಿಣದ ತುಂಡೂ ಸೇರಿಲ್ಲ.

ದೊಡ್ಡ ಉದ್ಯಮಗಳೂ ಈ ಮೋಹಕ್ಕೆ ಹೊರತಲ್ಲ. ೨೦೧೦ರ ಏಪ್ರಿಲ್ ೨೦ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಎಣ್ಣೆಬಾವಿಯ ತೇಲುಮಂಚವು ಸ್ಫೋಟಗೊಂಡು ಹನ್ನೊಂದು ಮಂದಿ ಮಡಿದರು. ಕೆಲಸ ತಪ್ಪಿಸುವಂಥ ಒಂದು ಗಾಯವೂ ಏಳು ವರ್ಷ ಆಗಿಲ್ಲವೆಂದು ಅಭಿನಂದಿಸಲು ಮೇಲಧಿಕಾರಿಗಳು ಅದೇ ದಿನ ಅಲ್ಲಿಗೆ ಬಂದಿದ್ದರು. ಆ ಏಳು ವರ್ಷಗಳ ಲೆಕ್ಕವು ಸುಳ್ಳೆಂದು ಇಲ್ಲಿ ಹೇಳುತ್ತಿಲ್ಲ. ಕಾಲು ಜಾರದಿರುವ ಲೆಕ್ಕವು ಬಾವಿ ಸಿಡಿಯದೆಂಬುದಕ್ಕೆ ಪ್ರಮಾಣವಾಗಲಾರದೆಂಬುದಷ್ಟೇ ವಿವಕ್ಷಿತ.

ಇನ್ನು ನಮ್ಮ ದೇಶದ ಸಂಪ್ರದಾಯವನ್ನು ನೋಡೋಣ. ಪುರಸ್ಕಾರವನ್ನು ಕಲ್ಲಿನಲ್ಲಿ ಬರೆಯಿಸುವುದರಲ್ಲಿ ಕನ್ನಡಿಗರಷ್ಟು ಆಸಕ್ತರು ವಿರಳ. ದಾಸರಹಳ್ಳಿಯ ಪೂರ್ವಕ್ಕಿರುವ ಹೆಬ್ಬಾಳದಲ್ಲಿ ೨೦೧೮ರಲ್ಲಿ ದೊರೆತ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. ೭೫೦, ಹೋರಾಡಿ ಮಡಿದ ಕಿತ್ತಯ್ಯನೆಂಬವನನ್ನು ಅದು ಸ್ಮರಿಸುವುದು. ಬೇಗೂರಿನ ಶಾಸನದಲ್ಲಿ ಬೆಂಗಳೂರ ಕಾಳಗದಲ್ಲಿ ಸತ್ತವನ ಹೆಸರಿದೆ. ಆತಕೂರಿನ ಕಲ್ಲಿನಲ್ಲಿಯಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಗೂ ಸ್ಥಾನ ದೊರೆತಿದೆ. ಮಡಿದವನ ಮನೆಯವರಿಗೆ ಭೂಮಿಯನ್ನು ಬಿಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಇದನ್ನು ನೋಡಿದವರಿಗೆ, ನಮ್ಮವರು ಸತ್ತ ಮೇಲೆಯೇ ಪುರಸ್ಕರಿಸುತ್ತಿದ್ದರು, ಸಾಯದಂತೆ ನೋಡಿಕೊಂಡವನನ್ನು ಮರೆತರು ಎಂದು ತೋರಬಹುದು.

ಆದರೆ ಕೊಡಗೆಯೆಂಬ ಅದೇ ಶಬ್ದವು ಇನ್ನೊಂದು ಸಮಾಸದಲ್ಲಿಯೂ ಬರುವುದು, ಅದು ಕಟ್ಟುಗೊಡಗೆ. ಕೆರೆಯನ್ನು ಕಟ್ಟಿದವನಿಗೂ ಏರಿಯನ್ನು ತಿದ್ದಿ ಕಾಪಾಡುವವನಿಗೂ ಬಿಟ್ಟ ಭೂಮಿಯದು. ಹೂಳನ್ನೂ ಮಣ್ಣನ್ನೂ ಸಾಗಿಸುವ ಬಂಡಿಗಾಗಿ ದತ್ತಿಗಳನ್ನು ಬಿಟ್ಟುದೂ ಉಂಟು. ಏರಿ ಒಡೆಯದ ವರ್ಷದಲ್ಲಿ ಏನೂ ನಡೆಯುವುದಿಲ್ಲ. ಶಿಲ್ಪಿಗೆ ಕೆತ್ತಲು ಕುದುರೆಯಿಲ್ಲ, ಕತ್ತಿಯಿಲ್ಲ, ಅಪ್ಸರೆಯರಿಲ್ಲ. ಆದರೂ ಭೂಮಿಯನ್ನು ಬಿಟ್ಟರು. ಯಾವುದಕ್ಕಾಗಿ? ಏರಿ ಒಡೆಯಲಿಲ್ಲವೆಂಬುದಕ್ಕಾಗಿ ಅಲ್ಲ. ಒಳ್ಳೆಯ ಮಳೆಯಿಲ್ಲದ ವರ್ಷದಲ್ಲಿ ಅಲಕ್ಷ್ಯ ಮಾಡಿದವನ ಏರಿಯೂ ಒಡೆಯುವುದಿಲ್ಲ. ಕಣ್ಣಿಗೆ ಕಾಣುವಂತೆ ಮಣ್ಣು ಹಾಕಿದ್ದಕ್ಕಾಗಿ, ತೂಬನ್ನು ನೋಡಿದ್ದಕ್ಕಾಗಿ. ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ೧೩೬೯ರಲ್ಲಿ ಬರೆಯಿಸಿದ ಸಂಸ್ಕೃತ ಶಾಸನವು ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುವುದು. ಆ ದೋಷಗಳಲ್ಲಿ ಮೊದಲನೆಯದು ಏರಿಯಲ್ಲಿ ನೀರು ಜಿನುಗುವುದು. ಒಡೆಯುವುದಕ್ಕೆ ಮುಂಚೆಯೇ ಜಿನುಗನ್ನು ದೋಷವೆಂದು ಕಲ್ಲಿನಲ್ಲಿ ಕೆತ್ತಿಸಿದ ಆ ಪುಣ್ಯಾತ್ಮನು ಪೆಟ್ಟಾಗದ ಅಪಾಯಘಟನೆಯೆಂದರೇನೆಂದು ಬಲ್ಲವನಾಗಿದ್ದನು.

ನಮ್ಮ ಕಾಲದ ಪುರಸ್ಕಾರಗಳ ಹೆಸರಿನಲ್ಲಿಯೂ ಇಂಥದೊಂದು ಚಲನೆ ಕಾಣುವುದು. ಕೆಲಸಗಾರರಿಗೆ ಕೇಂದ್ರ ಸರ್ಕಾರವು ಶ್ರಮವೀರ ಎಂಬ ಹೆಸರಿನಿಂದ ಕೊಡುತ್ತಿದ್ದ ಪ್ರಶಸ್ತಿಗೆ ಮುಂದೆ ವಿಶ್ವಕರ್ಮನ ಹೆಸರು ಬಂದಿತು. ಕೆಲಸದ ಸುಧಾರಣೆಗಾಗಿ ಸಲಹೆ ಕೊಟ್ಟವರಿಗೆ ಅದು ಸಲ್ಲುವುದು. ವೀರನಿಂದ ಶಿಲ್ಪಿಗೆ ಬಂದುದು ಉದ್ದೇಶಪೂರ್ವಕವೋ ಅಲ್ಲವೋ, ಉಚಿತವಾಯಿತು. ಸುರಕ್ಷತಾ ಮಂಡಲಿಯ ಪ್ರಶಸ್ತಿಗಳಿಗೆ ಸರ್ವಶ್ರೇಷ್ಠ, ಶ್ರೇಷ್ಠ ಎಂಬ ತಾರತಮ್ಯದ ಹೆಸರುಗಳಿವೆ. ಶ್ರೇಷ್ಠವೆಂಬುದೇ ಇಷ್ಠಪ್ರತ್ಯಯಾಂತವಾಗಿ ಎಲ್ಲವನ್ನೂ ಮೀರಿದುದೆಂಬ ಅರ್ಥವನ್ನು ಕೊಡುವಾಗ ಅದಕ್ಕೂ ಮೇಲೊಂದನ್ನು ಕಟ್ಟಿರುವುದು ವೈಯಾಕರಣರಿಗೆ ಸ್ವಲ್ಪ ಮುಜುಗರ. ಇರಲಿ.

ಇಲ್ಲೊಂದು ಪೂರ್ವಪಕ್ಷವುಂಟು. ಮಾಡಿದ ಕೆಲಸವನ್ನೇ ಎಣಿಸಿದರೆ ಅದೂ ಕಾಗದದ ಕೆಲಸವಾಗದೆ? ಬೀಗ ಹಾಕಿದೆವೆಂದು ಪುಸ್ತಕದಲ್ಲಿ ಗುರುತು ಹಾಕಿ ಬೀಗವನ್ನು ಪೆಟ್ಟಿಗೆಯಲ್ಲಿಯೇ ಇಟ್ಟರೆ? ನಿಜ, ಹಾಗೆ ಆಗುವುದುಂಟು. ಆದರೆ ಬೀಗವು ಭಾವಪದಾರ್ಥ. ಹೋಗಿ ನೋಡಬಹುದು, ಅವನ ಜೇಬಿನಲ್ಲಿ ಬೀಗದ ಕೈ ಇದೆಯೇ ಎಂದು ಕೇಳಬಹುದು. ಪಟ್ಟಿಯ ಪಕ್ಕದ ಹಗ್ಗವನ್ನು ಎಳೆದರೆ ಯಂತ್ರವು ನಿಲ್ಲಬೇಕು, ಎಳೆದು ನೋಡಬಹುದು. ಮೋಸ ಎರಡರಲ್ಲಿಯೂ ಸಾಧ್ಯ, ಆದರೆ ಒಂದನ್ನು ಪರೀಕ್ಷಿಸಲು ಕಣ್ಣು ಸಾಕು, ಇನ್ನೊಂದನ್ನು ಪರೀಕ್ಷಿಸಲು ಮೂವತ್ತು ಮಂದಿಯ ಮೌನವನ್ನು ಒಡೆಯಬೇಕು. ಪೆಟ್ಟಾಗದ ಅಪಾಯವನ್ನು ತಿಳಿಸಿದವರ ಸಂಖ್ಯೆಯು ಹೆಚ್ಚಿದಷ್ಟೂ ಪುರಸ್ಕಾರವು ಹೆಚ್ಚುವಂತೆ ಮಾಡಿದರೆ, ಕೋಣೆಯಲ್ಲಿ ದೀಪ ಹಚ್ಚಿದಂತಾಗುವುದು. ಆ ಮೇಲೆ ಕಾಣುವ ಸೊನ್ನೆಗೆ ಬೆಲೆ ಬರುವುದು. ಗಾಯಗಳ ಎಣಿಕೆಯನ್ನೇ ಬಿಟ್ಟುಬಿಡಬೇಕೆಂದು ನನ್ನ ಮತವಲ್ಲ.

ಆ ಕೆಲಸಗಾರನ ಹೆಸರೆತ್ತದೆ ಈ ಸಂದೇಹಗಳನ್ನು ವ್ಯವಸ್ಥಾಪಕರಲ್ಲಿ ಅರಿಕೆಮಾಡಿಕೊಂಡೆನು. ಅವರು ಬಹಳ ಹೊತ್ತು ಸುಮ್ಮನಿದ್ದು, “ಗೊತ್ತಿರಲಿಲ್ಲ ಅಂತ ನಾನು ಹೇಳಲಾರೆ ಶಾಸ್ತ್ರಿಗಳೇ. ಕೇಳಿದರೆ ಗೊತ್ತಾಗಿಬಿಡುತ್ತೆ ಅಂತ ಕೇಳಿರಲಿಲ್ಲ” ಎಂದರು. ಅನುಪಲಬ್ಧಿಯ ಅಯೋಗ್ಯತೆಗೆ ಇದಕ್ಕಿಂತ ಸ್ಪಷ್ಟವಾದ ಲಕ್ಷಣವನ್ನು ನಾನು ಗ್ರಂಥಗಳಲ್ಲಿ ಓದಿಲ್ಲ. ಮಾರ್ಚಿ ೪ರ ಸಭೆಯು ಫಲಕವಿಲ್ಲದೆಯೇ ನಡೆಯಿತು. ಕುಕ್ಕರುಗಳನ್ನು ಎಲ್ಲರಿಗೂ ಹಂಚಿ, ಮುಂದೆ ಅದಕ್ಕೂ ಅಪಘಾತದ ಲೆಕ್ಕಕ್ಕೂ ಸಂಬಂಧವಿಲ್ಲವೆಂದು ಸಾರಿದರಂತೆ.

ಆಮೇಲೆ ಬರೆದುಕೊಟ್ಟ ಬಿನ್ನವತ್ತಳೆಯಲ್ಲಿ ಕುಶಲರು ಎಂಬ ಸಂಬೋಧನೆಯನ್ನು ಉಳಿಸಿಕೊಂಡಿದ್ದೇನೆ, ೩೬೫ನ್ನು ಬಿಟ್ಟಿದ್ದೇನೆ. ಮಿಕ್ಸರಿನ ಸ್ವಿಚ್ಚಿಗೆ ಬೀಗ ಹಾಕದೆ ಇಳಿಯಲು ಒಪ್ಪದೆ ಅರ್ಧ ದಿನ ಕೆಲಸ ನಿಲ್ಲಿಸಿದ ಇಬ್ಬರ ಹೆಸರನ್ನೂ, ಪಟ್ಟಿಯ ಪಕ್ಕದ ಹಗ್ಗ ಸಡಿಲವಾಗಿದೆಯೆಂದು ಬಂದು ಹೇಳಿದ ಗುಡಿಸುವ ಹೆಂಗಸಿನ ಹೆಸರನ್ನೂ, ತೊಟ್ಟಿಯ ಕೀಲಿಗೆ ಈಗ ಹಾಕಿರುವ ತಗಡಿನ ಮರೆಯನ್ನೂ ಸೇರಿಸಿದ್ದೇನೆ. ಆ ಮರೆಯು ಯಾರ ಬೆರಳಿನಿಂದ ಬಂದಿತೆ���ಬುದನ್ನು ಬರೆಯಬಹುದೆ ಎಂದು ಅವನನ್ನು ಕೇಳಿದಾಗ, ಬರೆಯಿರಿ ಎಂದನು. ಒಟ್ಟು ಹದಿನಾಲ್ಕು ಸಾಲುಗಳಾಗಿವೆ. ಹಿತ್ತಾಳೆಯ ಫಲಕದಲ್ಲಿ ಹತ್ತಕ್ಕಿಂತ ಹೆಚ್ಚು ಹಿಡಿಯವೆಂದು ಕೆತ್ತುವವರು ಹೇಳಿ ಕಳುಹಿಸಿದ್ದಾರೆ. ದೊಡ್ಡ ಫಲಕವನ್ನು ಮಾಡಿಸಬೇಕೆಂದು ಉತ್ತರ ಬರೆದಿದ್ದೇನೆ.